ಜೋಪಾನ ಟೀಚರ್ ಹೆಲ್ಮೆಟ್ಟು

ಸೀಮೆಎಣ್ಣೆಯ ತಟ್ಟೆಯಲ್ಲಿ ಚೈನು ಮುಳುಗಿಸಿ, ಸವೆದ ಹಲ್ಲುಜ್ಜುವ ಬ್ರಷ್ಷಿನಿಂದ ಒಂದೊಂದೇ ಕೊಂಡಿಯ ಕೆಸರು ಬಿಡಿಸುತ್ತಿದ್ದ ಸೈಕಲ್ ಮಿಸ್ತ್ರಿ. ಇನ್ನೂ ಅರ್ಧ ಚೈನು ಬಾಕಿಯಿತ್ತು. ಒಳಬಾಗಿಲ ಬಳಿ ಕುರ್ಚಿ ಹಾಕಿಕೊಂಡ ಅವನ ಅತ್ತೆ ಹಳೆಯ ಅಂಗಿಗಳನ್ನು ಹರಿದು ಕೈ ಒರೆಸುವ ಬಟ್ಟೆ ಮಾಡುತ್ತಿದ್ದರು.

"ಅಳಿಯಂದಿರೇ, ಆ ಕೊಂಡೀನ ಮೂರು ಸಲ ಉಜ್ಜಿದಿರಿ. ಇವತ್ತೇನು ಅದರ ಮದುವೆಯಾ?"

"ಮನಸ್ಸು ಎಲ್ಲೋ ಇತ್ತು ಅತ್ತೆ."

"ಎಲ್ಲಿತ್ತು ಅಂತ ನನಗೂ ಗೊತ್ತು," ಎಂದು ಅವರು ಮತ್ತೊಂದು ತೋಳು ಹರಿದರು.

ಊರ ಹಿಂದಿನ ಗುಡ್ಡದಿಂದ ಕಲ್ಲು ಬೇರುಗಳ ಕಾಲುದಾರಿಯಲ್ಲಿ ಸೈಕಲ್ ಇಳಿಸುವ, ಮಿಸ್ತ್ರಿಯೂ ಸೇರಿ ಹತ್ತು ಮಂದಿಯ ಗುಂಪೊಂದಿತ್ತು. ಅವರಲ್ಲಿ ಶಾಲೆಯ ಡ್ರಾಯಿಂಗ್ ಟೀಚರ್ ಒಬ್ಬಳೇ ಒಮ್ಮೆಯೂ ಬಿದ್ದವಳಲ್ಲ ಎಂದು ಹೆಸರಾಗಿದ್ದಳು. ಮಳೆ ಬಂದು ಹೋದ ಮೇಲೆ ದಾರಿಯನ್ನು ಮೊದಲು ನಡೆದು ನೋಡುವುದು, ಎಲ್ಲರ ಮೊಣಕಾಲು ಪಟ್ಟಿ ಎಳೆದು ಪರೀಕ್ಷಿಸುವುದು, ಸುಸ್ತಾದವರನ್ನು ಕೊನೆಯ ಇಳಿಜಾರಿಗೆ ಬಿಡದೆ ಕೂರಿಸುವುದು ಅವಳ ಪಾಲಿನ ಕೆಲಸ. ಮಾತಿಗೊಮ್ಮೆ "ಜೋಪಾನ" ಅನ್ನುತ್ತಿದ್ದುದರಿಂದ ಅವಳ ಹೆಸರೇ ಜೋಪಾನ ಟೀಚರ್ ಎಂದಾಗಿತ್ತು. ಅಂಥವಳು ಬಿದ್ದು ಸತ್ತು ಅಂದಿಗೆ ಒಂದು ತಿಂಗಳು.

ಮಿಸ್ತ್ರಿ ಚೈನು ಮೇಲೆತ್ತುವುದಕ್ಕೂ ಅವಳ ತಂದೆ ಅಂಗಡಿಯ ಮೆಟ್ಟಿಲು ಹತ್ತುವುದಕ್ಕೂ ಸರಿಹೋಯಿತು. ಅವರು ಸೂಟ್‌ಕೇಸು, ಶಾಲೆಯ ಬ್ಯಾಗು ಹೊಲಿಯುವವರು. ಊರೆಲ್ಲ ಅವರನ್ನು ಬ್ಯಾಗಿನ ಯಜಮಾನರು ಎನ್ನುತ್ತಿತ್ತು. ಮಿಸ್ತ್ರಿಯ ಕಡೆ ಕಣ್ಣೆತ್ತದೆ ನೇರ ಅತ್ತೆಯ ಮುಂದೆ ಹೋಗಿ ನಿಂತರು.

"ಪ್ಲಾಸ್ಟರಮ್ಮಾ, ನನ್ನ ಮಗೂನ ಕೊಂದಿದಾರೆ. ಯಾರು ಅಂತ ನೀವು ಹುಡುಕಿ ಕೊಡಬೇಕು. ಹುಡುಕೋಕೆ ನೀವು ದೂರ ಹೋಗಬೇಕಾಗಿಲ್ಲ ಅಂತ ನನ್ನ ಅನುಮಾನ."

ದೊಡ್ಡಾಸ್ಪತ್ರೆಯ ಪ್ಲಾಸ್ಟರ್ ಕೋಣೆಯಲ್ಲಿ ಮೂವತ್ತೊಂದು ವರ್ಷ ಮುರಿದ ಕೈಕಾಲು ಹಿಡಿದು ಕೂತವರು ಅತ್ತೆ. ಯಾವ ಮೂಳೆ ಎಲ್ಲಿ ಮುರಿದಿದೆ ಎಂದು ನೋಡಿದರೆ ಸಾಕು, ಮನುಷ್ಯ ಜಾರಿ ಬಿದ್ದನೋ ಯಾರಾದರೂ ನೂಕಿದರೋ ಹೇಳುತ್ತಿದ್ದರು. ಹಾಗಾಗಿ ಊರಿನ ಬಿಡಿಸಲಾಗದ ಗಂಟುಗಳೆಲ್ಲ ಅವರ ಕುರ್ಚಿಯ ಬುಡಕ್ಕೇ ಬರುತ್ತಿದ್ದವು. ಅವರ ಮಂಡಿ ನೋವಿನ ದೆಸೆಯಿಂದ ಸ್ಕೂಟರಿನಲ್ಲಿ ಕೂರಿಸಿಕೊಂಡು ತಿರುಗುವ ಭಾಗ್ಯ ಅಳಿಯನದು.

ಯಜಮಾನರು ಬಟ್ಟೆಯ ಗಂಟು ಬಿಚ್ಚಿದರು. ಹಸಿರು ಹೆಲ್ಮೆಟ್ಟು. ಎಡಗಡೆ, ಕಿವಿಯ ಮೇಲೆ, ಒಳಕ್ಕೆ ಕುಸಿದಿತ್ತು.

"ಆ ವಾರ ಸೋಮವಾರ ಅವಳ ಸೈಕಲ್ಲೂ ಇದೂ ಈ ಅಂಗಡೀಲೇ ಇದ್ದವು. ಗುರುವಾರ ನೋಡ್ತೀನಿ, ಮನೇಲಿ ಮೆಟ್ಟಿಲ ಕೆಳಗೆ ಹಳೇ ಸಾಮಾನಿನ ಹಿಂದೆ ಬಿದ್ದಿದೆ. ಗಲ್ಲದ ಪಟ್ಟಿ ಎರಡೂ ಕಡೆ ಕತ್ತರಿಸಿ! ನನ್ನ ಮಗಳು ಯಾರ ಮೇಲೂ ಚಾಡಿ ಹೇಳೋಳಲ್ಲ, ಬಚ್ಚಿಟ್ಟಿದ್ದಳು. ನಾನೂ ಕೇಳಲಿಲ್ಲ. ನಲವತ್ತು ವರ್ಷ ಬ್ಯಾಗು ಹೊಲಿದ ಕೈ ಇದು. ಶುಕ್ರವಾರ ಕೂತು ಹೊಲಿದೆ. ಗೀರು ಬಿದ್ದ ಕಡೆಗೆಲ್ಲ ಬಣ್ಣ ಕೊಟ್ಟೆ. ಪಾಲಿಷ್ ಮಾಡಿ ಬಾಗಿಲ ಪಕ್ಕದ ಗೂಟಕ್ಕೆ ನೇತುಹಾಕಿದೆ. ಶನಿವಾರ ಸಂಜೆ ಶಾಲೆಯಿಂದ ಬಂದವಳು ನೋಡಿ, ‘ಥ್ಯಾಂಕ್ಸ್ ಅಪ್ಪಾ’ ಅಂದಳು." ಅವರು ಹೆಲ್ಮೆಟ್ಟಿನ ಪಟ್ಟಿ ನೇವರಿಸಿದರು. "ಅಷ್ಟೇ ನಾವು ಮಾತಾಡಿದ್ದು. ಭಾನುವಾರ ಬೆಳಿಗ್ಗೆ ಹೋದಳು."

"ಪಟ್ಟಿ ಕತ್ತರಿಸಿದ್ದು ನಾನು ಅಂತೀರಾ?" ಮಿಸ್ತ್ರಿ ಚೈನನ್ನು ತಟ್ಟೆಗೆ ಬಿಟ್ಟು ಎದ್ದ.

"ಹತ್ತು ಜನರ ಮುಂದೆ ಅವಳು ನಿನ್ನ ತಪ್ಪು ಎತ್ತಿ ಆಡಿದ್ದಳಲ್ಲಪ್ಪ. ‘ಟೀಚರ್ ಪಾಠ ಶಾಲೇಲಿ ಇರಲಿ’ ಅಂದಿದ್ದೆಯಂತೆ. ಪಟ್ಟಿ ಕತ್ತರಿಸಿದ ಕೈ ಬ್ರೇಕನ್ನ ಮುಟ್ಟದೆ ಬಿಟ್ಟಿರುತ್ತಾ?"

ಅಂದದ್ದು ನಿಜ. ಅದೇ ಗುಂಪಿನ ಗಾರೆಯವನ ಸೈಕಲ್ಲಿನ ಹ್ಯಾಂಡಲ್ ಬೋಲ್ಟನ್ನು ಮಿಸ್ತ್ರಿ ಬಿಗಿ ಮಾಡದೆ ಕೊಟ್ಟಿದ್ದ. ಟೀಚರ್ ಕಂಡುಹಿಡಿದಿದ್ದಳು. ಕ್ಷಮೆ ಕೇಳಬೇಕೆಂದುಕೊಂಡಿದ್ದ. ಮುಂದಿನ ವಾರ, ಮುಂದಿನ ವಾರ ಎನ್ನುತ್ತಲೇ ಅವಳು ಹೋಗಿಬಿಟ್ಟಿದ್ದಳು.

ಅತ್ತೆ ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಪಟ್ಟಿಯನ್ನು ಎರಡೂ ಕೈಯಿಂದ ಜಗ್ಗಿದರು. ಮೆತ್ತೆಯ ಬಟ್ಟೆ ಸರಿಸಿ ಹೊಲಿಗೆ ನೋಡಿದರು.

"ಒಂದು ನೂಲೂ ಎದ್ದಿಲ್ಲ ಯಜಮಾನರೇ. ಮಾಡಿದ್ದು ಅಂತಾನೇ ಗೊತ್ತಾಗಲ್ಲ." ಆಮೇಲೆ ಕುಸಿದ ಜಾಗದ ಸುತ್ತ ಉಗುರಿನಿಂದ ಮೆಲ್ಲಗೆ ಕೆರೆದರು. "ಈ ಬಣ್ಣ ಕೊಡುವಾಗ ಇಲ್ಲಿ ಬರೀ ಗೀರಿತ್ತಾ, ತಗ್ಗೂ ಇತ್ತಾ?"

"ಸಣ್ಣ ತಗ್ಗು. ತುಂಬಿ ಸಮ ಮಾಡಿದೆ. ಗುಡ್ಡದಲ್ಲಿ ಆಡೋ ವಸ್ತು, ಇರುತ್ತೆ."

"ಪಟ್ಟಿಯ ಕತ್ತರಿಸಿದ ತುದಿಗಳು?"

"ಕೆಲಸದವನು ಚೂರು ಎಸೀತಾನಾ?" ಎಂದು ಅವರು ಜೇಬಿನಿಂದ ತಗಡಿನ ಡಬ್ಬಿ ತೆಗೆದರು. ಅತ್ತೆ ಕನ್ನಡಕ ಏರಿಸಿ ಆ ಚೂರುಗಳನ್ನು ಬೆಳಕಿಗೆ ಹಿಡಿದರು. ಒಂದು ತುದಿಯಲ್ಲಿ ಸಾಸಿವೆಯಷ್ಟು ನೀಲಿ ಕಲೆ.

"ಅವಳ ವಸ್ತು ಬೇರೆ ಏನಾದರೂ ಇದ್ದರೆ ತಂದು ತೋರಿಸಿ."

"ಯಾವುದನ್ನೂ ಮುಟ್ಟಿಲ್ಲಮ್ಮ. ಅವಳ ಹೆಸರಿಗೆ ಬಂದ ಪಾರ್ಸೆಲ್ಲು ಕೂಡ ಹಾಗೇ ಇದೆ. ಆ ಶನಿವಾರ ಮಧ್ಯಾಹ್ನ ಎದುರುಮನೆಯಾಕೆ ಇಸಿದುಕೊಂಡಿದ್ದಳಂತೆ, ಎಲ್ಲ ಮುಗಿದ ಮೇಲೆ ತಂದುಕೊಟ್ಟಳು. ಅವಳ ಹೆಸರಿರೋದನ್ನ ನಾನು ಹೇಗೆ ಒಡೀಲಿ?" ಯಜಮಾನರು ಬಾಗಿಲ ಕಡೆ ತಿರುಗಿದರು. "ಭಾನುವಾರದವರೆಗೆ ನೋಡ್ತೀನಿ. ಆಮೇಲೆ ಪೊಲೀಸರ ಹತ್ತಿರ ಹೋಗ್ತೀನಿ."

ಮಾತಿಗೆ ಕಾಲಿಲ್ಲದಿದ್ದರೂ ಊರು ಸುತ್ತುತ್ತದೆ. ಸಂಜೆಯೊಳಗೆ ಇಬ್ಬರು ಬಂದು ರಿಪೇರಿಗೆ ಬಿಟ್ಟಿದ್ದ ಸೈಕಲ್ಲುಗಳನ್ನು ಹಾಗೇ ಒಯ್ದರು. ಮೂರನೆಯವನು ಗಾರೆಯವನು. ಅವನು ಮಾತ್ರ ಒಯ್ಯದೆ ನಿಂತ.

"ನೀನು ಅಂಥವನಲ್ಲ ಬಿಡು. ಬೋಲ್ಟು ಮರೀತೀಯ, ಮನುಷ್ಯರನ್ನ ಮುರಿಯಲ್ಲ."

"ಹೊಗಳಿದೆಯೋ ಬೈದೆಯೋ?" ಎಂದ ಮಿಸ್ತ್ರಿ.

ಅತ್ತೆ ಅವನನ್ನು ಹತ್ತಿರ ಕರೆದರು. "ನೀನು ಅವಳ ಹಿಂದೇ ಇದ್ದೆಯಂತಲ್ಲ. ಹೇಗೆ ಬಿದ್ದಳು?"

"ಅದೇ ನನಗೂ ತಿಳೀತಿಲ್ಲ ದೊಡ್ಡಮ್ಮ. ಕೊನೇ ತಿರುವಿನಲ್ಲಿ ಬ್ರೇಕು ಹಿಡಿದು, ನಡೆಯೋ ವೇಗಕ್ಕೆ ಇಳಿಸಿದ್ದಳು. ಒದ್ದೆ ಬೇರಿನ ಮೇಲೆ ಚಕ್ರ ಜಾರಿತು. ಎಡಕ್ಕೆ ವಾಲಿ ಮೊಣಕಾಲೆತ್ತರದ ಕಲ್ಲಿಗೆ ತಲೆ ತಗುಲಿತು. ಅಂಥದ್ದಕ್ಕೆ ನಾವು ವಾರಕ್ಕೊಂದು ಸಲ ಬಿದ್ದು, ನಕ್ಕೊಂಡು ಏಳ್ತೀವಿ. ಅವಳು ಏಳಲಿಲ್ಲ."

"ಮೂಳೆ ಒಂದೂ ಮುರಿದಿರಲಿಲ್ಲ ಅಂತ ಆಸ್ಪತ್ರೆಯವರೂ ಅಂದರು," ಎಂದರು ಅತ್ತೆ. ಅವರ ಕಣ್ಣು ಅವನ ಕಂಕುಳಲ್ಲಿದ್ದ ಹೆಲ್ಮೆಟ್ಟಿನ ಮೇಲಿತ್ತು. ಅದರ ಹಿಂಭಾಗಕ್ಕೆ ಅಂಟುಪಟ್ಟಿ ಸುತ್ತಿತ್ತು. "ಇದು ಯಾವಾಗ ಬಿದ್ದದ್ದು?"

"ಹೋದ ವರ್ಷ. ಗಟ್ಟಿ ಇದೆ ದೊಡ್ಡಮ್ಮ, ಇನ್ನೂ ಎರಡು ವರ್ಷ ಬರುತ್ತೆ."

ಮರುದಿನ ಬೆಳಿಗ್ಗೆ ಸ್ಕೂಟರು ಶಾಲೆಯ ಮುಂದೆ ನಿಂತಿತು.

ಡ್ರಾಯಿಂಗ್ ಕೋಣೆಯಲ್ಲಿ ಬಣ್ಣದ ಬಾಟಲಿಗಳು ಸಾಲಾಗಿ ಹಾಗೇ ಇದ್ದವು. ಹೊಸ ಟೀಚರ್ ಇನ್ನೂ ಬಂದಿರಲಿಲ್ಲ. ಮೇಜಿನ ಮೇಲಿನ ಡಬ್ಬದಲ್ಲಿ ದೊಡ್ಡ ಕತ್ತರಿಯೊಂದಿತ್ತು. ಅದರ ಅಲಗಿನ ಬುಡದಲ್ಲಿ ನೀಲಿ ಬಣ್ಣ ಒಣಗಿ ಹಕ್ಕಳೆಗಟ್ಟಿತ್ತು. ಅತ್ತೆ ಅದನ್ನು ಎರಡು ಸಲ ತೆರೆದು ಮುಚ್ಚಿ ಇದ್ದಲ್ಲೇ ಇಟ್ಟರು. ಮೇಜಿನ ಖಾನೆಯಲ್ಲಿ ಒಂಬತ್ತು ಲಕೋಟೆಗಳು ಸಿಕ್ಕವು. ವಿಳಾಸ ಬರೆದಿತ್ತು, ಸ್ಟಾಂಪು ಹಚ್ಚಿತ್ತು, ಬಾಯಿ ಮಾತ್ರ ಅಂಟಿಸಿರಲಿಲ್ಲ. ಮೊದಲನೆಯದೇ ಮಿಸ್ತ್ರಿಯ ವಿಳಾಸ.

"ಇದು ಬಿದ್ದವರ ಕಾಗದ ಅತ್ತೆ," ಎಂದ ಮಿಸ್ತ್ರಿ. ಅವರ ಗುಂಪಿನಲ್ಲಿ ಅದೊಂದು ಕಟ್ಟಳೆ. ಯಾರು ಬಿದ್ದರೂ ಎಲ್ಲಿ ಬಿದ್ದೆ, ಯಾಕೆ ಬಿದ್ದೆ, ಇನ್ನು ಮುಂದೆ ಏನು ಮಾಡುತ್ತೇನೆ ಎಂದು ಬರೆದು ಉಳಿದವರ ಮನೆಗೆ ಅಂಚೆಯಲ್ಲಿ ಕಳಿಸಬೇಕು. ಬಾಯಲ್ಲಿ ಹೇಳಿದರೆ ನಕ್ಕು ಮರೆಯುತ್ತಾರೆ, ಕಾಗದ ಬಂದರೆ ಮನೆಯವರೂ ಓದುತ್ತಾರೆ ಎಂದು ಈ ಕಟ್ಟಳೆ ತಂದವಳೇ ಟೀಚರ್. "ಆದರೆ ಅವಳು ಬಿದ್ದೇ ಇರಲಿಲ್ಲವಲ್ಲ!"

ಅತ್ತೆ ಒಂದು ಕಾಗದ ತೆಗೆದು ಕಿಟಕಿಯ ಬಳಿ ನಿಂತು ಓದಿದರು. ಓದಿ ಮುಗಿಸಿದ ಮೇಲೆ ಮಕ್ಕಳ ಪುಟ್ಟ ಸ್ಟೂಲಿನ ಮೇಲೆ ಕೂತರು.

"ನಿಮ್ಮ ಮೇಲಿನ ಅಪವಾದ ಹೋಯಿತು ಅಳಿಯಂದಿರೇ. ಆದರೆ ಅದು ಎಲ್ಲಿ ಹೋಗಿ ಕೂರುತ್ತೆ ಅಂತ ತಿಳಿದರೆ ನೀವೇ ವಾಪಸ್ ಕೇಳ್ತೀರಿ."

ಮಿಸ್ತ್ರಿ ಅವರ ಮುಖ ನೋಡಿದ. "ಯಜಮಾನರಾ?"

ಅವರು ಹೌದೆಂದು ತಲೆಯಾಡಿಸಿದರು.

"ಬೇಡ ಅತ್ತೆ. ಇದ್ದವಳು ಒಬ್ಬಳೇ ಮಗಳು. ನಾನೇ ಮಾಡಿದೆ ಅಂತ ಇರಲಿ. ಬೇರೆ ಊರಲ್ಲಿ ಅಂಗಡಿ ಹಾಕ್ತೀನಿ."

"ನನಗೂ ಹಾಗೇ ಅನಿಸಿತು. ಒಂದು ಗಳಿಗೆ." ಅವರು ಮಂಡಿ ಒತ್ತಿಕೊಂಡರು. "ಆ ಗಾರೆಯವನ ಹೆಲ್ಮೆಟ್ಟು ನೋಡಿದಿರಲ್ಲ? ನಾವು ಮುಚ್ಚಿಟ್ಟರೆ ನಾಳೆ ಅವನ ಸರದಿ. ಸೊಟ್ಟಗೆ ಕೂಡಿದ ಮೂಳೇನ ಮತ್ತೆ ಮುರಿದೇ ಕೂಡಿಸಬೇಕು. ಎಷ್ಟು ಜನ ನನ್ನ ಕೈ ಹಿಡಿದು ಅತ್ತಿದಾರೋ! ಆದರೂ ಮುರೀತಿದ್ದೆವು."

ಭಾನುವಾರ ಬೆಳಿಗ್ಗೆ ಅಂಗಡಿಯಲ್ಲಿ ಗುಂಪಿನ ಒಂಬತ್ತೂ ಮಂದಿ ಸೇರಿದರು. ಯಜಮಾನರು ಪಾರ್ಸೆಲ್ಲನ್ನು ಎದೆಗೆ ಅವುಚಿಕೊಂಡು ಬಂದರು. ಅತ್ತೆ ಅವರನ್ನು ತಮ್ಮ ಕುರ್ಚಿಯಲ್ಲಿ ಕೂರಿಸಿ, ತಾವು ಪಕ್ಕದ ಮಣೆಯ ಮೇಲೆ ಕೂತರು.

"ಮೊದಲು ಬ್ರೇಕಿನ ಮಾತು. ಬ್ರೇಕು ಹಿಡಿದು ನಿಧಾನ ಮಾಡಿದ್ದನ್ನ ಹಿಂದಿದ್ದವನು ಕಣ್ಣಾರೆ ಕಂಡಿದಾನೆ. ಬ್ರೇಕಿಗೆ ಏನೂ ಆಗಿರಲಿಲ್ಲ. ಇನ್ನು ಪಟ್ಟಿ. ಬಿದ್ದಾಗ ಪಟ್ಟಿ ಬಿಚ್ಚಲಿಲ್ಲ, ಹೊಲಿಗೆ ಈಗಲೂ ಗಟ್ಟಿಯಾಗಿದೆ. ಹಾಗಾದರೆ ಪಟ್ಟಿ ಕತ್ತರಿಸಿದ್ದರಿಂದ ಅವಳು ಸಾಯಲಿಲ್ಲ."

"ಮತ್ತೆ ಯಾತರಿಂದ?" ಎಂದರು ಯಜಮಾನರು.

"ಈ ತಗ್ಗು ನೋಡಿ. ಕೆರೆದರೆ ನಿಮ್ಮ ಬಣ್ಣದ ಅಡಿಯಲ್ಲಿ ಹಳೇ ಬಿರುಕು ಸಿಗುತ್ತೆ. ಅಂದರೆ ನೀವು ಬಣ್ಣ ಕೊಡೋಕೆ ಮುಂಚೇನೇ ಈ ಹೆಲ್ಮೆಟ್ಟು ಒಂದು ಸಲ ಕಲ್ಲಿಗೆ ಬಡಿದಿತ್ತು. ಒಳಗಿನ ಬೆಂಡು ಪೆಟ್ಟನ್ನ ತಾನು ತಿಂದು ತಲೆ ಉಳಿಸುತ್ತೆ. ತಿನ್ನೋದು ಒಂದೇ ಸಲ. ಆಮೇಲೆ ಅದು ಬರೀ ಟೋಪಿ."

"ಜೋಪಾನ ಟೀಚರ್ ಬಿದ್ದಿದ್ದಳಾ?" ಗಾರೆಯವನು ಎದ್ದೇ ನಿಂತ.

"ಬುಧವಾರ ಸಂಜೆ, ಒಬ್ಬಳೇ. ಒಬ್ಬರೇ ಹೋಗಬಾರದು ಅಂತ ನಿಮಗೆಲ್ಲ ಹೇಳಿದವಳು, ಮಳೆಗೆ ಕಲ್ಲು ಉರುಳಿದೆಯಾ ಅಂತ ನಿಮಗೋಸ್ಕರ ನೋಡೋಕೆ ಹೋದಳು. ಬಿದ್ದಳು. ಮರುದಿನ ಬೆಳಿಗ್ಗೆ ಹೆಲ್ಮೆಟ್ಟನ್ನ ಶಾಲೆಗೆ ಒಯ್ದು ಪಟ್ಟಿ ಕತ್ತರಿಸಿದಳು. ಡ್ರಾಯಿಂಗ್ ಕೋಣೆಯ ಕತ್ತರಿಯ ನೀಲಿ ಬಣ್ಣ ಈ ಚೂರಿನ ಮೇಲಿದೆ. ಕಸದಿಂದ ಎತ್ತಿ ಯಾರೂ ಮತ್ತೆ ಹಾಕಿಕೊಳ್ಳಬಾರದು ಅಂತ ಕತ್ತರಿಸಿದ್ದು. ಮನೆಗೆ ತಂದು, ಕಸದ ಗಾಡಿ ಬರೋವರೆಗೆ ಅಂತ ಮೆಟ್ಟಿಲ ಕೆಳಗೆ ಇಟ್ಟಳು."

ಯಜಮಾನರ ಕೈ ಪಾರ್ಸೆಲ್ಲಿನ ಮೇಲೆ ನಿಶ್ಚಲವಾಯಿತು.

"ಅದನ್ನ ಬಿಚ್ಚಿ ಯಜಮಾನರೇ," ಎಂದರು ಅತ್ತೆ ಮೆಲ್ಲಗೆ.

ಅವರು ಬಿಚ್ಚಿದರು. ಒಳಗೆ ಹೆಲ್ಮೆಟ್ಟು. ಅದೇ ಹಸಿರು, ಅದೇ ಆಕಾರ, ಗೀರಿಲ್ಲದ್ದು.

"ಶನಿವಾರ ಪಾರ್ಸೆಲ್ಲು ಮನೆಗೆ ತಲುಪಿದೆ ಅಂತ ಅವಳ ಫೋನಿಗೆ ಬಂದಿರುತ್ತೆ. ಸಂಜೆ ಬಂದಾಗ ಗೂಟದ ಮೇಲೆ ಹೊಳೆಯೋ ಹಸಿರು ಹೆಲ್ಮೆಟ್ಟು. ಅಪ್ಪ ಬಿಚ್ಚಿ ನೇತುಹಾಕಿದಾರೆ ಅಂದುಕೊಂಡಳು. ಅದಕ್ಕೇ ಥ್ಯಾಂಕ್ಸ್ ಅಂದಳು. ಪಟ್ಟಿ ಜಗ್ಗಿ ನೋಡದೆ ಹೊರಡೋಳಲ್ಲ, ಜಗ್ಗಿರ್ತಾಳೆ. ಗಟ್ಟಿಯಾಗಿತ್ತು."

ಯಜಮಾನರು ತಮ್ಮ ಬೆರಳುಗಳನ್ನು, ದಬ್ಬಳ ಹಿಡಿದು ಜಡ್ಡುಗಟ್ಟಿದ ತುದಿಗಳನ್ನು, ಬೇರೆ ಯಾರದೋ ಎಂಬಂತೆ ನೋಡಿಕೊಂಡರು.

"ಸ್ವಲ್ಪ ಕೆಟ್ಟದಾಗಿ ಹೊಲಿದಿದ್ದರೆ ಗೊತ್ತಾಗಿರೋದು ಅವಳಿಗೆ," ಎಂದರು.

"ಹೌದು," ಎಂದರು ಅತ್ತೆ. "ನಿಮಗೆ ಸುಳ್ಳು ಹೇಳಲ್ಲ. ಗೊತ್ತಾಗಿರೋದು."

ಮಿಸ್ತ್ರಿ ಬಂದು ಅವರ ಕಾಲ ಬಳಿ ನೆಲದ ಮೇಲೆ ಕೂತ. ಯಜಮಾನರು ಅವನ ತಲೆಯ ಮೇಲೆ ಕೈಯಿಟ್ಟು, "ತಪ್ಪಾಯ್ತಪ್ಪ," ಎಂದಾಗ ಅವನು ಬಿಕ್ಕಿ ಅತ್ತ.

ಅತ್ತೆ ಒಂಬತ್ತು ಲಕೋಟೆಗಳನ್ನು ಯಜಮಾನರ ತೊಡೆಯ ಮೇಲಿಟ್ಟರು. "ನಾಚಿಕೆಗೆ ಕಳಿಸೋಕೆ ತಡ ಮಾಡಿದಾಳೆ. ಇದು ನಿಮ್ಮ ಮಗಳ ವಸ್ತು. ಕಳಿಸೋದು, ಬಿಡೋದು ನಿಮ್ಮದು. ಕಳಿಸದಿದ್ದರೂ ಯಾರೂ ಏನೂ ಅನ್ನಲ್ಲ."

ಯಜಮಾನರು ಓದಿದರು. ದುಂಡು ಅಕ್ಷರ. ಎಲ್ಲಿ ಬಿದ್ದೆ, ಯಾಕೆ ಬಿದ್ದೆ. ಕಡೆಯಲ್ಲಿ, "ಹಳೆಯದರ ಪಟ್ಟಿ ಕತ್ತರಿಸಿದ್ದೇನೆ, ಹೊಸದಕ್ಕೆ ಆರ್ಡರ್ ಕೊಟ್ಟಿದ್ದೇನೆ. ಅಪ್ಪ ಹೆದರುತ್ತಾರೆ, ಭಾನುವಾರ ಗುಡ್ಡದಿಂದ ಬಂದ ಮೇಲೆ ನಿಧಾನವಾಗಿ ಹೇಳುತ್ತೇನೆ" ಎಂದಿತ್ತು.

ಅವರು ಪೆನ್ನು ಕೇಳಿದರು. ಸೀಮೆಎಣ್ಣೆಯ ವಾಸನೆಯ ಮೇಜಿನ ಮೇಲೆ ಒಂದು ಮೂಲೆ ಒರೆಸಿಕೊಂಡು, ಮಗಳ ಸಾಲಿನ ಕೆಳಗೆ ಬರೆಯತೊಡಗಿದರು. ಒಂಬತ್ತು ಕಾಗದಕ್ಕೂ ಒಂಬತ್ತು ಸಲ, ಒಂದಕ್ಷರ ಬಿಡದೆ ಬರೆದರು. ಯಾರೂ ಅವಸರ ಮಾಡಲಿಲ್ಲ.

"ಮೇಲಿನದನ್ನು ಬರೆದವಳು ನನ್ನ ಮಗಳು. ಆ ಪಟ್ಟಿಯನ್ನು ಮತ್ತೆ ಹೊಲಿದವನು ನಾನು. ಬಿದ್ದ ಹೆಲ್ಮೆಟ್ಟಿನ ಪಟ್ಟಿ ಕತ್ತರಿಸಿದರೆ ಸಾಲದು, ಅದನ್ನು ಒಡೆದು ಚೂರು ಮಾಡಿ. ನನ್ನಂಥವರು ಮನೆಮನೆಯಲ್ಲೂ ಇರುತ್ತಾರೆ."

ಗಾರೆಯವನು ಅಂಟುಪಟ್ಟಿ ಸುತ್ತಿದ ತನ್ನ ಹೆಲ್ಮೆಟ್ಟನ್ನು ಹೊರಗೆ ಒಯ್ದ. ಸುತ್ತಿಗೆಯ ಏಟು ಮೂರು ಸಲ ಕೇಳಿಸಿತು.

ಅಲ್ಲಿದ್ದವರಿಗೇ ಬರೆದ ಕಾಗದಗಳು ಅವು. ಆದರೂ ಯಾರೂ ಕೈ ಚಾಚಲಿಲ್ಲ. ಯಜಮಾನರು ಒಂದೊಂದೇ ಲಕೋಟೆಯ ಬಾಯಿ ಅಂಟಿಸಿ, ಬೀದಿಯ ತುದಿಯ ಅಂಚೆ ಡಬ್ಬದವರೆಗೆ ನಡೆದರು. ಉಳಿದವರೆಲ್ಲ ಅವರ ಹಿಂದೆ, ಎರಡು ಹೆಜ್ಜೆ ಬಿಟ್ಟು. ಎಂಟನ್ನು ಒಳಗೆ ಹಾಕಿದ ಮೇಲೆ ಒಂಬತ್ತನೆಯದರ ಮೇಲಿನ ಅಕ್ಷರಗಳ ಮೇಲೆ ಒಮ್ಮೆ ಬೆರಳಾಡಿಸಿದರು. ಆಮೇಲೆ ಅದನ್ನೂ ಬಿಟ್ಟರು.