ಸೋಫಾ ಹಿಂದಿನ ಎರಡು ಪ್ಲಗ್ಗು

"ವೈರ್‌ಲೆಸ್ ಅಂದ್ಮೇಲೆ ಹಿಂದಿನ ಸ್ಪೀಕರ್‌ಗೆ ಪ್ಲಗ್ಗೂ ಬೇಡ್ವಾ ಮೇಡಂ?"

ಸತತ ನಾಲ್ಕನೇ ಶನಿವಾರ ದಿಲೀಪ್ ಇದನ್ನೇ ಕೇಳಿದ. ಪಾಂಡವಪುರದ ಅಂಗಡಿಯಲ್ಲಿ ಹೋಂ ಥಿಯೇಟರ್ ಮಾರುವವಳು ನಾನು, ದಿವ್ಯ. ಯಾರು ಕೊಳ್ಳುತ್ತಾರೆ, ಯಾರು ಸುಮ್ಮನೆ ಬಂದವರು ಎಂದು ಬಾಗಿಲಲ್ಲೇ ಹೇಳಬಲ್ಲೆ. ಇವನು ಮಾತ್ರ ಅಂದಾಜಿಗೆ ಸಿಕ್ಕಿರಲಿಲ್ಲ. ಶನಿವಾರ ಬಂದರೆ ನಾನು ಕನ್ನಡಿಯನ್ನು ಎರಡು ಸಲ ನೋಡುತ್ತಿದ್ದೆ, ಅದೂ ನಿಜ.

"ಸೌಂಡು ಗಾಳೀಲಿ ಬರುತ್ತೆ, ಕರೆಂಟ್ ಬರಲ್ವಲ್ಲ! ಹೋದ್ವಾರಾನೂ ಹೇಳಿದ್ದೆ."

"ಮರ್ತೋಯ್ತು."

ಡೆಮೊ ಹಾಕಿದೆ. ಬೆನ್ನ ಹಿಂದಿನಿಂದ ಹೊಳೆ ನೀರಿನ ಸದ್ದು ಹರಿದು ಬಂತು.

"ಕರಿಘಟ್ಟದ ಕೆಳಗೆ ಹೊಳೆ ದಡದಾಗೆ ನಿಂತಂಗಾಯ್ತದೆ," ಎಂದು ಕಣ್ಣು ಮುಚ್ಚಿದ. ಒಂದು ಕಣ್ಣು ಸ್ವಲ್ಪವೇ ತೆರೆದು ನನ್ನನ್ನು ನೋಡಿತು. ಸಿಕ್ಕಿಬಿದ್ದೊಡನೆ ಫ್ಯಾನಿನ ಕಡೆ ಓಡಿತು.

ಮರುದಿನ ಕೆ.ಆರ್. ಪೇಟೆಯಿಂದ ನನ್ನನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಅವರು ಬರಲೋ ಬೇಡವೋ, ಅಂದು ಸಂಜೆಯೊಳಗೆ ಅಪ್ಪನಿಗೆ ಹೇಳಬೇಕಿತ್ತು.

ಅಷ್ಟರಲ್ಲಿ ಬೆಳಗೊಳದ ಯಶೋದಮ್ಮ ಮಿಕ್ಸಿ ಹಿಡಿದು ಒಳಬಂದರು.

"ಲೇ ದಿಲೀಪ! ಇಲ್ಲೇನ್ಲಾ ಮಾಡ್ತಿದ್ದೀಯ?" ಎಂದವರು ನನ್ನ ಕಡೆ ತಿರುಗಿದರು. "ನಮ್ಮನೆ ವೈರಿಂಗೆಲ್ಲ ಇವ್ನೇ ಕಣವ್ವ ಮಾಡಿದ್ದು. ಹೋಂ ಥಿಯೇಟ್ರು ತಂದ್ರೆ ಬೇಕಾಯ್ತದೆ ಅಂತ ಸೋಫಾ ಹಿಂದ್ಕೇ ಎರಡು ಪ್ಲಗ್ಗು ಮಡಗವ್ನೆ. ಬಲೇ ಬುದ್ಧಿವಂತ!"

ಯಶೋದಮ್ಮ ರಿಪೇರಿ ಕೌಂಟರಿಗೆ ಹೋದರು. ದಿಲೀಪನ ಕಿವಿಗಳು ಕೆಂಪಾದವು.

"ಎಲೆಕ್ಟ್ರಿಷಿಯನ್ ಸಾಹೇಬ್ರೇ," ಎಂದೆ, ನಗು ತಡೆದುಕೊಂಡು. "ಜನ ಕೂರೋ ಜಾಗ ನೋಡ್ಕೊಂಡು ಸೌಂಡ್ ಸೆಟ್ ಮಾಡ್ಬೇಕು. ಮನೇಲಿ ಎಷ್ಟು ಜನ ಕೂತ್ಕೋತೀರಾ?"

"ಅವ್ವ, ನಾನು." ಬೆರಳು ಮಡಚಿ ಎಣಿಸಿದ. "ಇನ್ನೊಬ್ರು ಅವ್ರೆ. ಅವರ‍್ನ ಕೇಳ್ಬೇಕು."

"ಕೇಳಿ, ಮತ್ತೆ."

"ಕೇಳಕ್ಕೇ ನಾಲ್ಕು ವಾರದಿಂದ ಬರ್ತಾ ಇವ್ನಿ."

"ಬಂದು ಬರೀ ಪ್ಲಗ್ ಕೇಳ್ತಿದ್ದೀರಲ್ಲಾ!"

ಈ ಸಲ ಅವನ ಕಣ್ಣು ಎಲ್ಲಿಗೂ ಓಡಲಿಲ್ಲ. "ನನ್ನ ಮದ್ವೆ ಆಯ್ತೀರಾ, ದಿವ್ಯ?"

ಹೊಳೆಯ ಸದ್ದು ಇನ್ನೂ ನಮ್ಮ ಸುತ್ತ ಹರಿಯುತ್ತಲೇ ಇತ್ತು. ನಾನು ಶೆಲ್ಫಿನ ಮೂರನೇ ಸೆಟ್ಟಿನ ಮೇಲೆ ಕೈಯಿಟ್ಟೆ. "ಹಂಗಾದ್ರೆ ಇದನ್ನೇ ತಗೊಳ್ಳಿ. ದಿನಾ ಕೇಳೋಳು ನಾನೂ ಅಲ್ವಾ?"

ಅವನ ಮುಖ ಅರಳುವುದನ್ನು ಪೂರ್ತಿ ನೋಡಿದ ಮೇಲೆಯೇ ಫೋನ್ ತೆಗೆದೆ.

"ಅಪ್ಪಾ, ನಾಳೆ ಅವ್ರಿಗೆ ಬರೋದು ಬೇಡ ಅಂದ್ಬುಡು. ನಂಗೊಬ್ರು ಒಪ್ಪಿಗೆ ಆಗವ್ರೆ."

ಅಪ್ಪ ಕೇಳಿದ್ದು ಒಂದೇ ಮಾತು. "ಹುಡ್ಗ ಏನ್ ಮಾಡ್ಕೊಂಡವ್ನವ್ವ?"

ದಿಲೀಪನನ್ನು ನೋಡಿದೆ.

"ಎಲೆಕ್ಟ್ರಿಷಿಯನ್ ಕಣಪ್ಪ. ಆದ್ರೆ ಸ್ಪೀಕರ್‌ಗೆ ಪ್ಲಗ್ ಬೇಕೋ ಬೇಡ್ವೋ ಅಂತ ಇನ್ನೂ ನನ್ನೇ ಕೇಳ್ತಾವ್ರೆ."