ಫೋನು ಓದಿದ ಕೊನೆಯ ಸಾಲು

"ಪಿ, ಎ, ಪೌಂಡ್, ಎ, ಕ್ಯೂ..." ಎಂದು ಫೋನು ಓದುತ್ತಲೇ ಇತ್ತು.

"ಇದು ನಂದಲ್ಲ ಕಣ್ ಸಾ," ಎಂದಳು ತೇಜಶ್ರೀ ಮೇಷ್ಟ್ರಿಗೆ. ಅವಳಿಗೆ ಕಣ್ಣು ಕಾಣಿಸದು. ಫೋನಿನಿಂದ ಓದಿಸಿಕೊಂಡೇ ಐದನೇ ಕ್ಲಾಸಿಗೆ ಬಂದವಳು.

ಅವಳ ಅಜ್ಜಿ ಮಲ್ಲಿಗಮ್ಮ ರಾಮನಾಥಪುರದ ಹತ್ತಿರ ಹೊಗೆಸೊಪ್ಪನ್ನು ಬಿಸಿಗಾಳಿಯಲ್ಲಿ ಬೇಯಿಸುವ ಗೂಡಿಗೆ, ಅಂದರೆ ಬ್ಯಾರನ್ನಿಗೆ, ಕೆಲಸಕ್ಕೆ ಹೋಗುತ್ತಾಳೆ. ಜೊತೆಗೆ ಹೋದಾಗ, ಅದರ ಬಾಗಿಲು ತೆರೆಯುವ ಮೊದಲೇ, ಸೊಪ್ಪು ಹದವಾಯಿತೆಂದು ತೇಜಶ್ರೀಯ ಮೂಗು ಹೇಳಿಬಿಡುತ್ತದೆ. ಅದನ್ನೇ ಅವಳು ಒಂದು ಲೇಖನವಾಗಿ ಬಾಯಲ್ಲಿ ಹೇಳಿದ್ದಳು. ಮಧುಕುಮಾರ್ ಮೇಷ್ಟ್ರು ಟೈಪ್ ಮಾಡಿ, ಪ್ರಿಂಟ್ ತೆಗೆದು ಶಾಲೆಯ ಗೋಡೆಗೆ ಅಂಟಿಸಿದ್ದರು.

ಅಂದಿನಿಂದ ಶಾಲೆಯ ಬಿಸಿಯೂಟದ ಅಡುಗೆಯ ಕಮಲಾಕ್ಷಮ್ಮ ಅವಳ ತಲೆ ಸವರಿ, "ಪಾಪ" ಎಂದು ಎರಡೆರಡು ಬಾಳೆಹಣ್ಣು ಕೊಡುತ್ತಿದ್ದರು. ಹಣ್ಣೇನೋ ರುಚಿಯಾಗಿತ್ತು. ಆ "ಪಾಪ" ಯಾಕೆಂದು ಮಾತ್ರ ತಿಳಿಯಲಿಲ್ಲ.

ಈಗ ಅದೇ ಲೇಖನ ಶಾಲೆಯ ವೆಬ್‌ಪೇಜಿಗೆ ಹೋಗಿ ಕಲಸುಮೇಲೋಗರವಾಗಿತ್ತು.

"ನನ್ನ ಕಂಪ್ಯೂಟರಲ್ಲಿ ಚೆನ್ನಾಗೇ ಕಾಣ್ತದೆ," ಎಂದರು ಮೇಷ್ಟ್ರು. "ಹಳೇ ಫಾಂಟು. ಬೇರೆಯೋರ ಫೋನಲ್ಲಿ ಅದು ಇರಲ್ಲ, ಅದ್ಕೇ ಬರೀ ಇಂಗ್ಲಿಷ್ ಅಕ್ಷರ ಬರ್ತವೆ. ತಡಿ, ಪ್ರಿಂಟಿನ ಫೋಟೊ ಹಾಕ್ಬುಡ್ತೀನಿ. ಎಲ್ರೂ ಓದ್ಬೋದು."

ಹಾಕಿದರು. ಫೋನು "ಚಿತ್ರ" ಎಂದಷ್ಟೇ ಹೇಳಿ ಬಾಯಿ ಮುಚ್ಚಿಕೊಂಡಿತು.

"ಎಲ್ರೂ ಅಂದ್ರೆ ಅದ್ರಲ್ಲಿ ನಾನಿಲ್ವಾ ಸಾ?"

"ನಿಂಗೆ ನಾನೇ ಓದಿ ಹೇಳ್ತೀನಿ ಬಿಡು."

"ಬ್ಯಾಡ. ನಾನೇ ಓದ್ಕಬೇಕು. ಸರಿ ಮಾಡೋ ಗಂಟ ಮನೆಗೆ ಓಗಲ್ಲ. ಅಜ್ಜಿ ಬಂದು ಕರುದ್ರೂ ಅಷ್ಟೇಯ."

ಹಟಕ್ಕೆ ಬಿದ್ದರೆ ಅವಳು ಜಗ್ಗುವ ಪೈಕಿಯಲ್ಲ. ಮೇಷ್ಟ್ರು ಗೊಣಗುತ್ತಲೇ ಲೇಖನವನ್ನು ಕನ್ವರ್ಟರಿಗೆ ಹಾಕಿ ಎಲ್ಲ ಫೋನುಗಳೂ ಓದುವ ಯುನಿಕೋಡಿಗೆ ಬದಲಿಸಿದರು. ಮುರಿದ ಒತ್ತಕ್ಷರಗಳನ್ನು ಒಂದೊಂದಾಗಿ ಕೂಡಿಸಿದರು. ಕೊನೆಗೆ, "ತಗೊ, ಈಗ ಓದು" ಎಂದರು.

ಫೋನು ಓದಿತು. ಬ್ಯಾರನ್ನು, ಅಜ್ಜಿ, ಸೊಪ್ಪಿನ ವಾಸನೆ, ಎಲ್ಲ ಅವಳದೇ ಮಾತು. ತೇಜಶ್ರೀಗೆ ಹಿಗ್ಗೋ ಹಿಗ್ಗು. ಆಮೇಲೆ ಫೋನು ಹೇಳಿತು: "ಕಣ್ಣಿಲ್ಲದ ನತದೃಷ್ಟೆ ನಾನು. ನನ್ನ ಮೇಲೆ ಕರುಣೆ ಇರಲಿ."

ಇದನ್ನು ಅವಳು ಹೇಳಿರಲೇ ಇಲ್ಲ. ಮತ್ತೊಮ್ಮೆ ಓದಿಸಿದಳು. ಕಮಲಾಕ್ಷಮ್ಮನ ಬಾಳೆಹಣ್ಣು ನೆನಪಾಯಿತು. "ಇದ್ನ ಯಾರು ಸೇರ್ಸಿದ್ದು ಸಾ?" ಎಂದಳು.

"ಓದೋರ ಮನಸ್ಸು ಕರಗಲಿ ಅಂತ ನಾನೇ ಸೇರಿಸ್ದೆ," ಎಂದರು ಮೇಷ್ಟ್ರು ಮೆಲ್ಲಗೆ.

"ತೆಗೀರಿ ಸಾ. 'ನನ್ನ ಮೂಗಿಗೇ ಮೊದ್ಲು ಗೊತ್ತಾಗೋದು' ಅಂತ ನಾನು ಮುಗಿಸಿದ್ದೆ. ಅಷ್ಟೇ ಇರ್ಲಿ. ಗೋಡೆ ಮೇಲಿನದನ್ನೂ ಕೀಳಿ."

ಮೇಷ್ಟ್ರು ತೆಗೆದರು. ತೇಜಶ್ರೀ ಫೋನನ್ನು ಕಿವಿಗೆ ಹಿಡಿದು ಪೂರಾ ಓದಿಸಿಕೊಂಡಳು. ಆಮೇಲೆಯೇ ಎದ್ದಳು.

ಮಾರನೆಯ ದಿನ ಗೋಡೆಗೆ ಹೊಸ ಪ್ರಿಂಟ್ ಬಂತು. ಊಟದ ಹೊತ್ತಿಗೆ ಕಮಲಾಕ್ಷಮ್ಮ ತಲೆ ಸವರಲಿಲ್ಲ. "ಲೇ ಮೂಗಿನೋಳೆ, ಸಾರು ಹದವಾಯ್ತಾ ಒಸಿ ನೋಡೇ," ಎಂದರು.

ತೇಜಶ್ರೀ ಉಸಿರೆಳೆದಳು. "ಇನ್ನೊಂಚೂರು ಕುದೀಬೇಕು," ಎಂದಳು.

ಅಂದು ಅವಳಿಗೆ ಸಿಕ್ಕಿದ್ದು ಒಂದೇ ಬಾಳೆಹಣ್ಣು. ಎಲ್ಲರಿಗೂ ಕೊಟ್ಟ ಹಾಗೆ.