ಕೇಳದೆ ಮುಟ್ಟಿದ ಕೈ

ಅವರಿಬ್ಬರ ಮೊದಲ ಭೇಟಿಯಲ್ಲೇ ರಕ್ತ ಚೆಲ್ಲಿತ್ತು.

ಡೇರೆ, ಟಾರ್ಪಾಲು ಹೊಲಿಯುವ ಅಣ್ಣನ ಅಂಗಡಿಯಲ್ಲಿ ಅವಳು ಅಂದು ಒಬ್ಬಳೇ ಇದ್ದಳು. ಹೊಲಿಗೆ ಸರಿಯಿಲ್ಲವೆಂದು ಕೂಗಾಡುತ್ತ ಬಂದ ಲಾರಿ ಮಾಲೀಕನೊಬ್ಬ ಅವಳ ಮಣಿಕಟ್ಟನ್ನು ಹಿಡಿದು ತಿರುಚಿದ. ಹರಿದ ಸೊಂಟಪಟ್ಟಿ ಹೊಲಿಸಲು ಬಂದು ಬಾಗಿಲಲ್ಲಿ ನಿಂತಿದ್ದ ಮರ ಕಡಿಯುವವನು ಒಳಗೆ ನುಗ್ಗಿದ. ಆ ಮನುಷ್ಯನ ಕುತ್ತಿಗೆ ಹಿಡಿದು, ಮುಖವನ್ನು ಮೇಜಿಗೆ ಅಪ್ಪಳಿಸಿದ. ಮೂಗಿನ ಮೂಳೆ ಮುರಿದ ಸದ್ದು ಅವಳಿಗೆ ಸ್ಪಷ್ಟವಾಗಿ ಕೇಳಿಸಿತು.

ಲಾರಿಯವನು ಎದ್ದೆನೋ ಬಿದ್ದೆನೋ ಎಂದು ಓಡಿದ ಮೇಲೆ ಅವಳು ಮೇಜಿನ ಮೇಲಿದ್ದ ಹೊಸ ಕ್ಯಾನ್ವಾಸನ್ನು ನೋಡಿದಳು.

"ರಕ್ತದ ಕಲೆ ಹೋಗಲ್ಲ. ಇನ್ನು ಇದನ್ನ ಯಾರು ತಗೋತಾರೆ?"

"ಆ ಭಾಗ ಒಳಗೆ ಮಡಚಿ ಹೊಲೀರಿ. ನಾನೇ ತಗೋತೀನಿ," ಎಂದ ಅವನು, ತಪ್ಪು ಮಾಡಿದ ವಿದ್ಯಾರ್ಥಿಯಂತೆ ತಲೆ ತಗ್ಗಿಸಿ.

ಅವಳಿಗೆ ನಗು ಬಂತು. ನಗುವಿನ ಬೆನ್ನಿಗೇ ಭಯವೂ ಬಂತು. ಅಪ್ಪನ ಕೈಯೂ ಹೀಗೆಯೇ ಅಲ್ಲವೆ ಏಳುತ್ತಿದ್ದುದು... ಮೊದಲು ಹೊರಗಿನವರ ಮೇಲೆ, ಆಮೇಲೆ ಅಮ್ಮನ ಮೇಲೆ.

ನಗು ಗೆದ್ದಿತು, ಮದುವೆಯಾಯಿತು. ಆದರೆ ಭಯ ಸೋಲಲಿಲ್ಲ. ಮನೆಯ ಮೂಲೆ ಹಿಡಿದು ಕಾದು ಕುಳಿತಿತು.

ವರ್ಷ ತುಂಬುವ ಮೊದಲೇ ಅದಕ್ಕೆ ಸಮಯ ಒದಗಿತು. ಒಂದು ಸಂಜೆ ಮಾತಿಗೆ ಮಾತು ಬೆಳೆದು, ಅವನು ಊಟದ ಮೇಜಿಗೆ ಮುಷ್ಟಿಯಿಂದ ಗುದ್ದಿದ. ಹಲಗೆ ಎರಡು ಹೋಳಾಯಿತು. ಅವಳ ಕೈ ಆ ಬಿರುಕಿನಿಂದ ಗೇಣುದೂರದಲ್ಲಿತ್ತು. ಅವಳು ಪೆಟ್ಟಿಗೆ ಎತ್ತಿಕೊಂಡು ಅಣ್ಣನ ಮನೆಗೆ ನಡೆದಳು.

"ಮರ ಕೆಡವೋನಿಗೆ ಮನೆ ಕಟ್ಟೋಕೆ ಬರುತ್ತೇನೇ?" ಎಂದು ಅಣ್ಣ ಹಂಗಿಸಿದ.

ಹದಿನೇಳನೆಯ ದಿನ ಗಂಡ ಬಂದ. ಹೊಸ್ತಿಲು ದಾಟದೆ ಹೊರಗೇ ನಿಂತು ಹೇಳಿದ:

"ಒಂದು ರಾತ್ರಿ ನನ್ನ ಜೊತೆ ಡೇರೆ ಹಾಕಿಕೊಂಡು ಇರು. ದೂರ ಏನಲ್ಲ, ನೀರಿನ ಟ್ಯಾಂಕಿನ ಗುಡ್ಡ. ಅಲ್ಲಿಂದ ನಮ್ಮನೆ ಕಾಣುತ್ತೆ. ಬೆಳಿಗ್ಗೆ ನೋಡಿ ಆ ಮನೆ ಬೇಡ ಅನ್ಸಿದ್ರೆ, ನಾನು ಇನ್ನು ಈ ಬೀದಿಗೆ ಬರಲ್ಲ."

"ಎರಡು ಷರತ್ತು. ಅಪ್ಪಣೆ ಮಾಡಬಾರದು. ಕೇಳದೆ ಮುಟ್ಟಬಾರದು."

"ಆಯ್ತು."

ಹೊರಡುವಾಗ ಅಣ್ಣ ಅವಳ ಚೀಲಕ್ಕೆ ದಬ್ಬಳವೊಂದನ್ನು ತುರುಕಿದ. "ಇರಲಿ. ಟಾರ್ಪಾಲನ್ನೇ ಚುಚ್ಚುತ್ತೆ, ನಿನ್ನ ಗಂಡನ ಚರ್ಮ ಯಾವ ಲೆಕ್ಕ?"

ಗುಡ್ಡದ ಮೇಲೆ ಮೋಡ ಕವಿದಿತ್ತು. ಡೇರೆ ಅದೇ ಕಲೆಯ ಕ್ಯಾನ್ವಾಸಿನದು. ಬೆರಳಿನಿಂದ ಮೀಟಿದರೆ ಬಟ್ಟೆ ಡೋಲಿನಂತೆ ನುಡಿಯಬೇಕೆಂಬುದು ಅಣ್ಣನ ಅಂಗಡಿಯ ಪಾಠ. ಅವಳು ಹಗ್ಗವನ್ನು ಒಂದು ಬೋಳು ಮರಕ್ಕೆ ಸುತ್ತಿ ಬಿಗಿಯತೊಡಗಿದಳು.

"ಆ ಮರ..." ಎಂದ ಅವನು.

"ಏನು? ಇಲ್ಲೂ ನಿಮ್ಮದೇ ಅಪ್ಪಣೆನಾ?"

ಅವನು ತುಟಿ ಹೊಲಿದುಕೊಂಡ.

ಕೆಳಗೆ, ಕೂಗಳತೆಯಲ್ಲಿ, ಅವರ ಮನೆಯ ಹೆಂಚು ಕಾಣುತ್ತಿತ್ತು.

"ಅಡುಗೆಮನೆ ಕಿಟಕಿ ತೆರೆದೇ ಬಂದಿದೀರಿ. ಮಳೆ ಒಳಗೆ ಬರುತ್ತೆ."

"ಮರೆತೆ."

"ಬರಲಿ ಬಿಡಿ. ನೆನೆಯೋಕೆ ಮೇಜಾದ್ರೂ ಎಲ್ಲಿದೆ?"

ಅವನು ಡೇರೆಯ ಗೂಟ ಬಡಿಯತೊಡಗಿದ.

ನಡುರಾತ್ರಿ ಮಳೆ ಬಡಿಗೆ ಹಿಡಿದವರಂತೆ ಡೇರೆಯನ್ನು ಬಡಿಯತೊಡಗಿತು. ಗಾಳಿ ಬಟ್ಟೆಯೊಳಗೆ ಹೊಕ್ಕು ಅದನ್ನು ಉಬ್ಬಿಸಿ ಎಳೆಯುತ್ತಿತ್ತು. ಅವಳು ಎಚ್ಚೆತ್ತು ನೋಡಿದಾಗ ಅವನು ಡೇರೆಯ ಬಾಯಲ್ಲಿ ನೆನೆಯುತ್ತ ಕುಳಿತಿದ್ದ. ಒಂದು ಕೈ ಹಗ್ಗದ ಮೇಲಿತ್ತು. ಮಿಂಚಿನಲ್ಲಿ ಬಿಗಿದ ದವಡೆ ಕಂಡಿತು.

"ಮಲಗಲ್ವಾ?"

"ನೀನು ಮಲಗು."

'ಸಂಜೆಯ ಮಾತಿನ ಸಿಟ್ಟು... ಒಳಗೇ ಕುದೀತಿದೆ.' ಅವಳ ಕೈ ಮೆಲ್ಲಗೆ ಚೀಲದೊಳಗೆ ಸರಿದು ದಬ್ಬಳವನ್ನು ಹುಡುಕಿತು.

ಮರುಕ್ಷಣ ಅವನು ಎರಗಿದ. ಮಾತಿಲ್ಲ, ಕತೆಯಿಲ್ಲ. ಅವಳ ತೋಳನ್ನೂ ಕೊರಳಪಟ್ಟಿಯನ್ನೂ ಹಿಡಿದು ಹೊರಕ್ಕೆ ಎಳೆದ. ಅವಳ ಮೊಣಕಾಲು ಕಲ್ಲಿಗೆ ಬಡಿದು ಸುಲಿಯಿತು. ಅಮ್ಮನ ಮುಖ ಅವಳ ಕಣ್ಣಮುಂದೆ ಹಾದುಹೋಯಿತು. ದಬ್ಬಳ ಅವನ ಬಲ ಮುಂಗೈಗೆ ಇಳಿಯಿತು, ಕಿತ್ತುಕೊಂಡು ಮತ್ತೊಮ್ಮೆ ಇಳಿಯಿತು. ಅವನು ನರಳಿದ, ಹಿಡಿತ ಬಿಡಲಿಲ್ಲ. ಅವಳನ್ನು ಕೆಸರಿಗೆ ಎಸೆದು ಮೇಲೆ ಬಿದ್ದ.

ಆಗ ಮರ ಬಿತ್ತು.

ನೆಲ ನಡುಗಿತು. ಕೊಂಬೆಯೊಂದು ಅವನ ಬೆನ್ನನ್ನು ಕೆರೆದು ಹೋಯಿತು. ಮಿಂಚು ಬೆಳಗಿದಾಗ ಡೇರೆ ಚಪ್ಪಟೆಯಾಗಿತ್ತು. ಅವಳ ತಲೆದಿಂಬಿದ್ದ ಜಾಗದಲ್ಲಿ ಮರದ ಕಾಂಡ ಮಲಗಿತ್ತು.

ಅವನು ತಕ್ಷಣ ಉರುಳಿ ದೂರ ಸರಿದ. ಎರಡೂ ಕೈಗಳನ್ನು ಎತ್ತಿ, ಮಳೆಯಲ್ಲಿ ಕುಳಿತ.

"ತಪ್ಪಾಯ್ತು. ಕೇಳೋಕೆ ಹೊತ್ತಿರಲಿಲ್ಲ."

ಅವಳು ಎದ್ದು ಕುಳಿತು ಬಿದ್ದ ಮರವನ್ನು ನೋಡಿದಳು.

"ಬೀಳುತ್ತೆ ಅಂತ ಗೊತ್ತಿತ್ತಾ?"

"ಬುಡ ಕೊಳೆತಿತ್ತು. ಹೇಳಿದ್ರೆ ಅಪ್ಪಣೆ ಆಗುತ್ತೇನೋ ಅಂತ... ಬೇರು ಹರಿದ್ರೆ ಹಗ್ಗ ಮೊದಲು ನಡುಗುತ್ತೆ. ಅದಕ್ಕೇ ಹಿಡಿದು ಕೂತಿದ್ದೆ."

"ಬಿಚ್ಚಬಹುದಿತ್ತಲ್ಲ?"

"ನೀನು ಹಾಕಿದ ಗಂಟು. ಧೈರ್ಯ ಬರಲಿಲ್ಲ."

"ಇಷ್ಟೆತ್ತರದ ಮರ ಉರುಳಿಸೋರಿಗೆ ಗಂಟಿನ ಭಯವಾ?"

"ಗಂಟಿನದಲ್ಲ. ಕಟ್ಟಿದವಳು ಹೋಗಿಬಿಡ್ತಾಳೆ ಅನ್ನೋದರ ಭಯ."

ಅವನ ಮುಂಗೈಯಿಂದ ಇಳಿದ ರಕ್ತ ಮಳೆನೀರಿನೊಡನೆ ಅವಳ ಪಾದದವರೆಗೆ ಹರಿದು ಬಂತು. ಅವಳು ದಬ್ಬಳವನ್ನು ಕತ್ತಲೆಗೆ ಎಸೆದಳು. ಮಂಡಿಯೂರಿಕೊಂಡು ಅವನತ್ತ ಸರಿದಳು.

"ಮುಟ್ಟಲಾ?"

"ನೀನೂ ಕೇಳಬೇಕಾ?"

"ಷರತ್ತು ಅಂದಮೇಲೆ ಇಬ್ಬರಿಗೂ."

ಅವನು ಕೈ ಚಾಚಿದ. ಅವಳು ಡೇರೆಯ ಹರಿದ ಅಂಚಿನಿಂದ ಪಟ್ಟಿಯೊಂದನ್ನು ಸೀಳಿ ಬಿಗಿದು ಕಟ್ಟಿದಳು. ಬೆಳಕು ಹರಿಯುವವರೆಗೂ ಅದನ್ನು ಒತ್ತಿ ಹಿಡಿದೇ ಕುಳಿತಳು. ನಡುವೆ ಒಮ್ಮೆ ಅವನು, ನೆಲ ನೋಡುತ್ತ, ಹೇಳಿದ:

"ಹೊಸ ಮೇಜು ಮಾಡಿದೀನಿ. ಹಲಗೆ ತುಂಬ ದಪ್ಪ. ಇನ್ನೊಮ್ಮೆ ಗುದ್ದಿದ್ರೆ ನನ್ನ ಕೈಯೇ ಮುರಿಯುತ್ತೆ."

"ಮುರಿದ್ರೆ ಕಟ್ಟು ಹಾಕೋಕೆ ನಾನಿರಲ್ಲ, ನೆನಪಿರಲಿ."

"ಇರುತ್ತೆ."

"ಮರದ ವಿಷಯದಲ್ಲಿ ಮಾತ್ರ ಬಾಯಿ ಬಿಡಿ, ಮಾರಾಯರೇ. ಅದು ಅಪ್ಪಣೆ ಅಲ್ಲ, ಕಸುಬು."

ಮಳೆ ತೆಳುವಾಯಿತು. ಕೆಳಗೆ ಅವರ ಮನೆಯ ಹೆಂಚು ತೊಳೆದಿಟ್ಟಂತೆ ಹೊಳೆಯಿತು. ಅವಳು ಅದನ್ನೇ ನೋಡುತ್ತ ಎದ್ದಳು.

"ನಡೀರಿ. ಮೊದಲು ಡಾಕ್ಟರ್ ಹತ್ರ. ಆಮೇಲೆ ಕಿಟಕಿ ಹಾಕಬೇಕು, ಹೊಸ ಮೇಜು ನೆನೆದಿರುತ್ತೆ."

ಅವನು ಚೂರಾದ ಕ್ಯಾನ್ವಾಸನ್ನು ಮಡಚತೊಡಗಿದ; ಅವನ ಕೈಯ ರಕ್ತ ಅದಕ್ಕೂ ಅಂಟಿತ್ತು. "ಉಳಿದಿದ್ದರಲ್ಲಿ ಚಿಕ್ಕದೊಂದು ಡೇರೆ ಆಗುತ್ತಾ? ಕಲೆ ಒಳಗೆ ಮಡಚಿ ಹೊಲಿ."

"ಬೇಡ. ಈ ಸಲದ್ದು ನಾನು ಮಾಡಿದ ಕಲೆ. ಹೊರಗೇ ಇರಲಿ."

ಕ್ಯಾನ್ವಾಸನ್ನು ಹೆಗಲಿಗೇರಿಸುತ್ತ ಅವನು ಕೇಳಿದ: "ಅಣ್ಣನ ಮನೇಲಿರೋ ಪೆಟ್ಟಿಗೆ...?"

"ಸಂಜೆ ಹೋಗಿ ಹೊತ್ತು ತನ್ನಿ," ಎಂದಳು ಅವಳು. "ಎಡಗೈಲಿ."